ತಂಬಾಕು ಬಿಡಿಸುವ ಆಪ್ತಸಮಾಲೋಚನೆ: ಆಸ್ಪತ್ರೆ ಸಿಬ್ಬಂದಿಗೆ ಯಾವ ತರಬೇತಿ ಕೊಡಿಸಬೇಕು?

ಮಂಗಳೂರಿನಿಂದ ಮಣಿಪಾಲದವರೆಗೆ ಹೆದ್ದಾರಿಯ ಆಸುಪಾಸಿನಲ್ಲಿ ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿವೆ, ಮಂಗಳೂರಿನ ವೆನ್ಲಾಕ್‌ನಲ್ಲಿ ಮತ್ತು ಉಡುಪಿಯ ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆಗಳಿವೆ, ನಡುವೆ ಮೂವತ್ತು ನಲವತ್ತು ಹಾಸಿಗೆಗಳ ನರ್ಸಿಂಗ್ ಹೋಮ್‌ಗಳಿಗೂ ಕೊರತೆಯಿಲ್ಲ. ಕಾಸರಗೋಡು, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಕಡೆಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಹೃದಯಾಘಾತವಾದವರು, ದಮ್ಮಿನವರು, ಕ್ಷಯದವರು, ಕಾಲಿನ ರಕ್ತನಾಳ ಕಟ್ಟಿಕೊಂಡವರು, ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನವರು, ಹೀಗೆ ತಂಬಾಕಿನ ಜತೆ ನೇರ ನಂಟಿರುವ ಕಾಯಿಲೆಗಳವರು ಯಾವ ದಿನ ನೋಡಿದರೂ ವಾರ್ಡಿನಲ್ಲಿ ಇದ್ದೇ ಇರುತ್ತಾರೆ. ಆದರೂ 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಕಂಡ ಧೂಮಪಾನಿಗಳ ಪೈಕಿ ‘ಬಿಟ್ಟುಬಿಡಿ’ ಎಂಬ ಸಲಹೆ ಸಿಕ್ಕಿದ್ದು ಶೇ. 48.8 ಮಂದಿಗೆ ಮಾತ್ರ. ಹೊಗೆಸೊಪ್ಪು, ಗುಟ್ಕಾ ಮುಂತಾದವನ್ನು ಜಗಿಯುವವರಲ್ಲಿ ಈ ಪ್ರಮಾಣ ಶೇ. 31.7ಕ್ಕೆ ಇಳಿಯುತ್ತದೆ.

ಸಲಹೆ ಕೊಡದ ನರ್ಸ್ ಅಥವಾ ವೈದ್ಯರಿಗೆ ತಂಬಾಕಿನ ಕೇಡು ಗೊತ್ತಿಲ್ಲವೆಂದಲ್ಲ. ಹೇಗೆ ಮಾತು ಶುರು ಮಾಡಬೇಕೆಂಬುದು, ರೋಗಿ ಸಿಡುಕಿದರೆ ಏನು ಮಾಡಬೇಕೆಂಬುದು, ‘ಬಿಡ್ತೇನೆ’ ಎಂದವರನ್ನು ಮುಂದೆ ಎಲ್ಲಿಗೆ ಕಳುಹಿಸಬೇಕೆಂಬುದು ಗೊತ್ತಿರುವುದಿಲ್ಲ. ತರಬೇತಿ ಬೇಕಾಗುವುದು ಈ ಮೂರಕ್ಕೆ. ಆಸ್ಪತ್ರೆಯ ಆಡಳಿತ ಅಥವಾ ನರ್ಸಿಂಗ್ ವಿಭಾಗ ತರಬೇತಿಗೆ ಮನಸ್ಸು ಮಾಡಿದಾಗ ಮುಂದೆ ಬರುವ ಆಯ್ಕೆಗಳು ಹಲವು: ಒಂದು ಗಂಟೆಯ ಉಪನ್ಯಾಸ, ಆನ್‌ಲೈನ್ ಪಾಠ, ಅರ್ಧ ದಿನದ ಚುಟುಕು ತರಬೇತಿ, ಎರಡು ದಿನಗಳ ಕಾರ್ಯಾಗಾರ, ಮತ್ತು ಆಯ್ದ ಕೆಲವರಿಗೆ ತಿಂಗಳುಗಟ್ಟಲೆ ನಡೆಯುವ ಮೇಲ್ವಿಚಾರಣೆಯ ಕಲಿಕೆ. ಇವುಗಳಲ್ಲಿ ಯಾವುದು ಯಾವ ಆಸ್ಪತ್ರೆಗೆ, ಯಾವ ಸಿಬ್ಬಂದಿಗೆ ಹೊಂದುತ್ತದೆ ಎಂಬುದನ್ನು ಇಲ್ಲಿ ತೂಗಿ ನೋಡಲಾಗಿದೆ. ನನ್ನ ನಿಲುವನ್ನು ಮೊದಲೇ ಹೇಳುವುದು ಒಳ್ಳೆಯದು: ಎಲ್ಲರಿಗೂ ದೊಡ್ಡ ತರಬೇತಿ ಕೊಡಿಸುವುದಕ್ಕಿಂತ ಎಲ್ಲರಿಗೂ ಚಿಕ್ಕದನ್ನು, ಇಬ್ಬರು ಮೂವರಿಗೆ ಮಾತ್ರ ದೊಡ್ಡದನ್ನು ಕೊಡಿಸಿ, ಉಳಿದ ಶ್ರಮವನ್ನೆಲ್ಲ ಡಿಸ್ಚಾರ್ಜ್ ಆದ ಮೇಲಿನ ಫೋನ್ ಕರೆಗಳಿಗೆ ಹಾಕುವುದೇ ನಮ್ಮ ಕರಾವಳಿಯ ಹೆಚ್ಚಿನ ಆಸ್ಪತ್ರೆಗಳಿಗೆ ಸರಿಹೊಂದುವ ದಾರಿ.

ತರಬೇತಿಯಿಂದ ಪ್ರಯೋಜನ ಉಂಟೇ?

ಉಂಟು, ಆದರೆ ಅದಕ್ಕೊಂದು ಮಿತಿಯಿದೆ. ಆರೋಗ್ಯ ಸಿಬ್ಬಂದಿಗೆ ಧೂಮಪಾನ ಬಿಡಿಸುವ ತರಬೇತಿ ಕೊಡುವುದರ ಬಗ್ಗೆ ನಡೆದ 17 ಪ್ರಯೋಗಗಳನ್ನು ಒಟ್ಟುಗೂಡಿಸಿ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಶೋಧಕರ ಕೊಕ್ರೇನ್ ಬಳಗ 2012ರಲ್ಲಿ ಪ್ರಕಟಿಸಿದ ಅವಲೋಕನದಲ್ಲಿ, ತರಬೇತಿ ಪಡೆದವರ ಕೈಗೆ ಸಿಕ್ಕ ರೋಗಿಗಳಲ್ಲಿ ಬಿಟ್ಟವರ ಸಂಖ್ಯೆ ಹೆಚ್ಚಿತ್ತು. ತರಬೇತಾದವರು ರೋಗಿಯಿಂದ ಬಿಡುವ ದಿನಾಂಕ ಗೊತ್ತುಮಾಡಿಸುವುದು, ಮರುಭೇಟಿ ನಿಗದಿಪಡಿಸುವುದು, ಸಮಾಲೋಚನೆ ನಡೆಸುವುದು ಇತ್ಯಾದಿಗಳನ್ನು ಇತರರಿಗಿಂತ ಹೆಚ್ಚಾಗಿ ಮಾಡಿದ್ದರು. ಆದರೆ ಬಿಡಿಬಿಡಿಯಾಗಿ ನೋಡಿದರೆ ಹಲವು ಪ್ರಯೋಗಗಳಲ್ಲಿ ದೀರ್ಘಕಾಲದ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ.

ಅದೇ ವರ್ಷ ಬಂದ ಇನ್ನೊಂದು ಅವಲೋಕನ ಒಳರೋಗಿಗಳ ಕುರಿತಾದುದು, ಮತ್ತು ನಮ್ಮ ತೀರ್ಮಾನಕ್ಕೆ ಅದೇ ಹೆಚ್ಚು ಮುಖ್ಯ. ಆಸ್ಪತ್ರೆಯಲ್ಲಿ ಇರುವಾಗಲೇ ಸಮಾಲೋಚನೆ ಶುರು ಮಾಡಿ, ಡಿಸ್ಚಾರ್ಜ್ ಆದ ಬಳಿಕ ಕನಿಷ್ಠ ಒಂದು ತಿಂಗಳು ಸಂಪರ್ಕ ಮುಂದುವರಿಸಿದಲ್ಲಿ ಬಿಡುವವರ ಸಂಖ್ಯೆ ಸುಮಾರು ಶೇ. 37ರಷ್ಟು ಏರಿತ್ತು. ಅದಕ್ಕಿಂತ ಕಡಿಮೆ ಅವಧಿಯ ಸಂಪರ್ಕವಿದ್ದಲ್ಲಿ, ಅಥವಾ ಮಾತು ವಾರ್ಡಿನಲ್ಲೇ ಮುಗಿದುಹೋದಲ್ಲಿ, ಲಾಭ ಕಾಣಲಿಲ್ಲ. ಹಾಗಾಗಿ ಯಾವುದೇ ತರಬೇತಿಯ ವಿವರಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಡಿಸ್ಚಾರ್ಜ್ ಆದ ಮೇಲಿನ ಕೆಲಸವನ್ನು ಅದು ಕಲಿಸುತ್ತದೆಯೋ ಇಲ್ಲವೋ ಎಂಬುದನ್ನು. ಎಷ್ಟು ದಿನ, ಯಾರು ಕಲಿಸುತ್ತಾರೆ ಎಂಬ ಪ್ರಶ್ನೆಗಳು ಆಮೇಲೆ.

ಉಪನ್ಯಾಸ ಮತ್ತು ಆನ್‌ಲೈನ್ ಪಾಠ

ಮೇ 31ರ ವಿಶ್ವ ತಂಬಾಕು ರಹಿತ ದಿನಕ್ಕೆ ಸಭಾಂಗಣದಲ್ಲಿ ಒಂದು ಗಂಟೆಯ ಉಪನ್ಯಾಸ, ಕೊನೆಗೊಂದು ಪ್ರತಿಜ್ಞೆ, ಫೋಟೋ, ಚಾ: ಇದು ಖರ್ಚಿಲ್ಲದ ಆಯ್ಕೆ, ಆದರೆ ಇದನ್ನು ತರಬೇತಿ ಎಂದು ಲೆಕ್ಕಕ್ಕೆ ಹಿಡಿಯಬಾರದು. ಮರುದಿನ ವಾರ್ಡಿನಲ್ಲಿ ಯಾರೂ ಬೇರೆ ರೀತಿಯಲ್ಲಿ ಮಾತನಾಡುವುದಿಲ್ಲ.

ಆನ್‌ಲೈನ್ ಪಾಠಗಳ ವಿಷಯ ಸ್ವಲ್ಪ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಾಥಮಿಕ ಆರೈಕೆಯ ಸಿಬ್ಬಂದಿಗಾಗಿ ಚುಟುಕು ಸಮಾಲೋಚನೆಯ ಪಾಠವನ್ನು ಸಿದ್ಧಪಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ವ್ಯಸನ ಚಿಕಿತ್ಸೆಯ ಬಗ್ಗೆ ದೂರಕಲಿಕೆಯ ತರಬೇತಿಗಳನ್ನು ನಡೆಸುತ್ತದೆ. ನೈಟ್ ಡ್ಯೂಟಿಯವರೂ ತಮಗೆ ಬಿಡುವಾದಾಗ ಕಲಿಯಬಹುದು ಎಂಬುದು ಇದರ ದೊಡ್ಡ ಅನುಕೂಲ. ನಿಕೋಟಿನ್ ಹೇಗೆ ಕೆಲಸ ಮಾಡುತ್ತದೆ, ಬಿಟ್ಟ ಮೊದಲ ವಾರದಲ್ಲಿ ಸಿಡುಕು, ನಿದ್ದೆಗೇಡು, ಹಸಿವು ಏಕೆ ಹೆಚ್ಚಾಗುತ್ತವೆ, ಯಾವ ಔಷಧ ಯಾರಿಗೆ ಕೂಡದು ಎಂಬಂಥ ಮಾಹಿತಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಮಾತನಾಡುವ ಕಲೆ ಪರದೆಯ ಮುಂದೆ ಕುಳಿತು ಬರುವಂಥದ್ದಲ್ಲ. ಜತೆಗೆ, ಪ್ರಮಾಣಪತ್ರಕ್ಕಾಗಿ ಪುಟ ತಿರುಗಿಸಿಕೊಂಡು ಹೋಗುವ ಅಭ್ಯಾಸ ಎಲ್ಲ ಆಸ್ಪತ್ರೆಗಳಲ್ಲೂ ಉಂಟು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆನ್‌ಲೈನ್ ಪಾಠವನ್ನು ಮುಖಾಮುಖಿ ತರಬೇತಿಯ ಮುಂಚಿನ ಓದಾಗಿ ಇಟ್ಟುಕೊಂಡರೆ ಕಾರ್ಯಾಗಾರದ ಅರ್ಧ ಸಮಯ ಉಳಿಯುತ್ತದೆ. ಅದೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಅರ್ಧ ದಿನದ ಚುಟುಕು ತರಬೇತಿ

ಇದರ ತಿರುಳು ಮೂರು ಹೆಜ್ಜೆಗಳು: ಕೇಳುವುದು, ಹೇಳುವುದು, ಕಳುಹಿಸುವುದು. ತಂಬಾಕು ಬಳಸುತ್ತೀರಾ ಎಂದು ಕೇಳಿ ಕೇಸ್ ಶೀಟಿನಲ್ಲಿ ಬರೆಯುವುದು. ಬಿಡಲು ಅತ್ಯುತ್ತಮ ದಾರಿಯೆಂದರೆ ಔಷಧ ಮತ್ತು ಸಮಾಲೋಚನೆ ಎರಡನ್ನೂ ಒಟ್ಟಿಗೆ ಪಡೆಯುವುದೆಂದು ಹೇಳುವುದು. ಅದು ಸಿಗುವಲ್ಲಿಗೆ ಕಳುಹಿಸುವುದು. ಬ್ರಿಟನ್ನಿನಲ್ಲಿ ಇದನ್ನು ಮೂವತ್ತು ಸೆಕೆಂಡುಗಳಲ್ಲಿ ಮುಗಿಯುವ ಮಾತಾಗಿ ಕಲಿಸುತ್ತಾರೆ, ನ್ಯೂಜಿಲೆಂಡಿನಲ್ಲಿಯೂ ಇಂಥದೇ ಮೂರು ಹೆಜ್ಜೆಗಳ ಪದ್ಧತಿಯಿದೆ. ‘ಯಾಕೆ ಸೇದುತ್ತೀರಿ’, ‘ಬಿಡಲು ಮನಸ್ಸಿದೆಯೇ’ ಎಂಬ ಪ್ರಶ್ನೆಗಳನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದಾರೆ. ಮನಸ್ಸಿದ್ದವರಿಗೆ ಮಾತ್ರ ಸಹಾಯ ಎಂಬ ಕಟ್ಟುಪಾಡು ಹಾಕಿಕೊಂಡರೆ ಹೆಚ್ಚಿನ ರೋಗಿಗಳು ಮೊದಲ ಪ್ರಶ್ನೆಯಲ್ಲೇ ಹೊರಗುಳಿಯುತ್ತಾರೆ, ಸಿಬ್ಬಂದಿಯೂ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ.

ಇಷ್ಟು ಚಿಕ್ಕ ಮಾತಿನಿಂದ ಏನಾದೀತು ಎಂದು ಸಂಶಯಪಡುವವರಿಗೆ ಒಂದು ಲೆಕ್ಕವಿದೆ: ಯಾವ ಸಹಾಯವೂ ಇಲ್ಲದೆ ನೂರರಲ್ಲಿ ಇಬ್ಬರು ಮೂವರು ಬಿಡುವಲ್ಲಿ, ವೈದ್ಯರ ಚುಟುಕು ಸಲಹೆಯಿಂದ ಇನ್ನೂ ಒಬ್ಬರಿಂದ ಮೂವರವರೆಗೆ ಬಿಡುತ್ತಾರೆ. ಒಬ್ಬೊಬ್ಬ ರೋಗಿಯ ಮಟ್ಟದಲ್ಲಿ ಇದು ಅಲ್ಪವೆನಿಸಿದರೂ ಒಂದು ಓಪಿಡಿಯಲ್ಲಿ ವರ್ಷಕ್ಕೆ ಬರುವವರ ಸಂಖ್ಯೆಯಿಂದ ಗುಣಿಸಿದರೆ ಸಣ್ಣ ಸಂಗತಿಯಲ್ಲ.

ಈ ತರಬೇತಿಯ ದುರ್ಬಲ ಕೊಂಡಿ ಮೂರನೆಯ ಹೆಜ್ಜೆ. ಎಲ್ಲಿಗೆ ಕಳುಹಿಸುವುದು? ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರಗಳಿಗೆ ಅವಕಾಶವಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಮನೋರೋಗ ವಿಭಾಗವಿದೆ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ಕೇಂದ್ರಗಳನ್ನು ತೆರೆಯಲು 2018ರಲ್ಲೇ ಮಾರ್ಗಸೂಚಿ ಬಂದಿದೆ. ಏನೂ ಇಲ್ಲದಿದ್ದರೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಯಿದೆ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶುರುವಾದ ಇದು ಮುಂದೆ ನಿಮ್ಹಾನ್ಸ್‌ಗೂ ವಿಸ್ತರಿಸಿ, ಕನ್ನಡದಲ್ಲೂ ಮಾತನಾಡುವ ಸಮಾಲೋಚಕರು ಸಿಗುವಂತಾಯಿತು. 2018ರ ಸೆಪ್ಟೆಂಬರಿನಿಂದ ಬೀಡಿ, ಸಿಗರೇಟಿನ ಪ್ಯಾಕೆಟ್ಟುಗಳ ಮೇಲೂ ಈ ಸಂಖ್ಯೆ ಅಚ್ಚಾಗುತ್ತಿದೆ. ತರಬೇತಿಯ ದಿನ ಶಿಬಿರಾರ್ಥಿಗಳೇ ಫೋನ್ ತೆಗೆದು ಈ ಸಂಖ್ಯೆಗೆ ಕರೆ ಮಾಡಿ, ಯಾವ ಗುಂಡಿ ಒತ್ತಿದರೆ ಕನ್ನಡ ಬರುತ್ತದೆ, ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನು ಕಿವಿಯಾರೆ ಕೇಳಿಸಿಕೊಳ್ಳಬೇಕು. ತಾನು ಒಮ್ಮೆಯೂ ಕರೆ ಮಾಡದ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡುವ ನರ್ಸ್‌ನ ಮಾತಿನಲ್ಲಿ ಭರವಸೆ ಹುಟ್ಟುವುದಿಲ್ಲ.

ಎರಡು ದಿನಗಳ ಕಾರ್ಯಾಗಾರ

ಇದರಲ್ಲಿ ಸಾಮಾನ್ಯವಾಗಿ ಐದು ಹೆಜ್ಜೆಗಳ ಪದ್ಧತಿಯನ್ನು ಕಲಿಸುತ್ತಾರೆ: ಕೇಳುವುದು, ಸಲಹೆ ಕೊಡುವುದು, ಸಿದ್ಧತೆಯನ್ನು ಅಳೆಯುವುದು, ನೆರವಾಗುವುದು, ಮುಂದಿನ ಭೇಟಿಗೆ ಏರ್ಪಾಡು ಮಾಡುವುದು. ಬಿಡಲು ಒಪ್ಪದವರ ಜತೆ ಹೇಗೆ ಮಾತನಾಡಬೇಕೆಂಬುದಕ್ಕೆ ಬೇರೆಯೇ ಪಾಠವಿದೆ. ಅದರ ಜತೆ ಪ್ರೇರಣಾ ಸಂದರ್ಶನ ಎಂಬ, ರೋಗಿಯ ಬಾಯಿಂದಲೇ ಬದಲಾವಣೆಯ ಮಾತು ಹೊರಡಿಸುವ ಕ್ರಮದ ಪರಿಚಯವೂ ಇರುತ್ತದೆ. ಪ್ರೇರಣಾ ಸಂದರ್ಶನದ ಬಗ್ಗೆ ತರಬೇತುದಾರರಲ್ಲಿ ವಿಪರೀತ ಉತ್ಸಾಹವಿದೆ. ಆದರೆ ಧೂಮಪಾನ ಬಿಡಿಸುವುದರಲ್ಲಿ ಅದು ಇತರ ಸಮಾಲೋಚನೆಗಿಂತ ಮೇಲು ಎಂದು ಹೇಳುವಷ್ಟು ಪುರಾವೆಯಿಲ್ಲ ಎಂಬುದು ಕೊಕ್ರೇನ್ ಬಳಗದ 2019ರ ಅವಲೋಕನದ ತೀರ್ಮಾನ. ಎರಡು ದಿನಗಳಲ್ಲಿ ಒಂದೂವರೆ ದಿನವನ್ನು ಅದಕ್ಕೇ ಮೀಸಲಿಟ್ಟ ಕಾರ್ಯಕ್ರಮವನ್ನು ನಾನಾದರೆ ಆರಿಸುವುದಿಲ್ಲ.

ಕಾರ್ಯಾಗಾರದ ಬೆಲೆ ಇರುವುದು ರೋಲ್ ಪ್ಲೇಯಲ್ಲಿ. ಒಬ್ಬರು ರೋಗಿಯಾಗಿ, ಇನ್ನೊಬ್ಬರು ನರ್ಸ್ ಆಗಿ ಎದುರುಬದುರು ಕೂತು ಮಾತನಾಡುವಾಗ ಪುಸ್ತಕದಲ್ಲಿ ಕಾಣದ ತಪ್ಪುಗಳು ಹೊರಬರುತ್ತವೆ. ಮಲ್ಪೆಯ ಬೋಟಿನಲ್ಲಿ ದುಡಿಯುವ, ಸ್ಟೆಂಟ್ ಹಾಕಿಸಿಕೊಂಡು ಮೂರನೆಯ ದಿನದಲ್ಲಿರುವ ಮಧ್ಯವಯಸ್ಸಿನ ರೋಗಿಯನ್ನು ಕಲ್ಪಿಸಿಕೊಂಡು ಆಡಿಸಿದ ಸಂಭಾಷಣೆ ಬಹುಮಟ್ಟಿಗೆ ಹೀಗೆ ಸಾಗುತ್ತದೆ:

“ಅಣ್ಣ, ಬೀಡಿ ಎದ್ದ ಕೂಡಲೇ ಬೇಕಾಗ್ತದಾ, ಚಾ ಕುಡಿದ ಮೇಲೆಯಾ?”

“ಬೋಟಲ್ಲಿ ಇರುವಾಗ ಎದ್ದ ಕೂಡಲೇ ಬೇಕು. ಮನೆಯಲ್ಲಿ ಆದ್ರೆ ಚಾ ಆದ ಮೇಲೆ.”

“ಇಲ್ಲಿಗೆ ಬಂದು ಮೂರು ದಿನ ಆಯ್ತಲ್ಲ, ಹೇಗೆ ತಡ್ಕೊಂಡ್ರಿ?”

“ತಡ್ಕೊಂಡದ್ದೇನಿಲ್ಲ ಸಿಸ್ಟರ್. ಹೆದರಿಕೆಯಲ್ಲಿ ಅದರ ನೆನಪೇ ಬರ್ಲಿಲ್ಲ.”

ಇಲ್ಲಿಯವರೆಗೆ ಚೆನ್ನಾಗಿಯೇ ಬಂದ ಶಿಬಿರಾರ್ಥಿ ಮುಂದಿನ ಮಾತಿನಲ್ಲಿ ಎಡವುತ್ತಾರೆ: “ಇನ್ನು ಸೇದಿದ್ರೆ ಮತ್ತೆ ಬ್ಲಾಕ್ ಆಗ್ತದೆ, ಗೊತ್ತುಂಟಲ್ಲ?” ರೋಗಿ “ಆಯ್ತು ಸಿಸ್ಟರ್, ಬಿಡ್ತೇನೆ” ಎನ್ನುತ್ತಾರೆ, ಮಾತು ಮುಗಿಯುತ್ತದೆ. ಒಳ್ಳೆಯ ತರಬೇತುದಾರರು ಈ ಹಂತದಲ್ಲಿ ತಡೆದು, ಹಿಂದಿನ ಉತ್ತರದಿಂದ ಮತ್ತೆ ಶುರು ಮಾಡಿಸುತ್ತಾರೆ. “ಹಾಗಾದ್ರೆ ಮೂರು ದಿನ ಬೀಡಿ ಇಲ್ಲದೇ ಕಳೀತು. ಮನೆಗೆ ಹೋದ ಮೇಲೆ ಯಾವ ಹೊತ್ತಲ್ಲಿ ಕಷ್ಟ ಆಗಬಹುದು ಅಂತ ಕಾಣ್ತದೆ?” ಈಗ ಉತ್ತರ ಬೇರೆ: “ದಕ್ಕೆಯಲ್ಲಿ. ಮೀನು ಇಳಿಸಿ ಆದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಸೇದುವುದು. ಅಲ್ಲಿ ಬೇಡ ಅನ್ಲಿಕ್ಕೆ ಆಗುದಿಲ್ಲ.” ಈ ಒಂದು ವಾಕ್ಯ ಸಿಕ್ಕಿದ ಮೇಲೆ ನರ್ಸ್‌ಗೆ ಕೆಲಸ ಮಾಡಲು ಒಂದು ಜಾಗ ಸಿಕ್ಕಿತು: ಆ ಹೊತ್ತಿಗೆ ಕೈಯಲ್ಲಿ ಏನಿರಬೇಕು, ಜತೆಗಾರರಿಗೆ ಏನು ಹೇಳಬೇಕು, ಮೊದಲ ಎರಡು ವಾರ ದಕ್ಕೆಗೆ ಹೋಗದಿರಲು ಸಾಧ್ಯವೇ ಎಂಬುದನ್ನು ಇಬ್ಬರೂ ಸೇರಿ ಯೋಚಿಸಬಹುದು. ಸಂಭಾಷಣೆಯ ಮೊದಲ ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲ. ಎದ್ದು ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತಾರೆ ಎಂಬುದು ನಿಕೋಟಿನ್ ಅವಲಂಬನೆಯ ಅತ್ಯಂತ ಸರಳವಾದ ಅಳತೆ. ಐದು ನಿಮಿಷದೊಳಗೆ ಎಂದರೆ ಅವಲಂಬನೆ ತೀವ್ರವೆಂದು, ಔಷಧದ ನೆರವು ಬೇಕೇ ಬೇಕೆಂದು ತಿಳಿಯಬೇಕು.

ಔಷಧದ ಮಾತು ಬಂದದ್ದರಿಂದ ಹೇಳಬೇಕು, ಎರಡು ದಿನಗಳ ಕಾರ್ಯಾಗಾರದಲ್ಲಿ ನಿಕೋಟಿನ್ ಗಮ್ ಜಗಿಯುವ ಕ್ರಮವನ್ನು ತೋರಿಸದಿದ್ದರೆ ಆ ಕಾರ್ಯಾಗಾರ ಅಪೂರ್ಣ. ನಾಲಿಗೆಗೆ ಚುರುಕು ತಟ್ಟುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ, ಹಣ್ಣಿನ ರಸ ಕುಡಿದ ಹದಿನೈದು ನಿಮಿಷ ಅದನ್ನು ಬಾಯಿಗೆ ಹಾಕಬಾರದು. ಇದನ್ನು ಹೇಳಿಕೊಡದೆ ಕೊಟ್ಟರೆ ರೋಗಿ ಮಾಮೂಲಿ ಚೂಯಿಂಗ್ ಗಮ್‌ನಂತೆ ಜಗಿದು, ಬಿಕ್ಕಳಿಕೆ ಮತ್ತು ಎದೆಯುರಿ ಬಂದು, ಎರಡನೇ ದಿನವೇ ಎಸೆಯುತ್ತಾರೆ. ತಂಬಾಕು ಬಳಸದ ಶಿಬಿರಾರ್ಥಿಗಳು ಅಂಗಡಿಯ ಸಾಧಾರಣ ಗಮ್‌ನಲ್ಲೇ ಅಭ್ಯಾಸ ಮಾಡಿದರೆ ಸಾಕು. ಇದರ ಜತೆ ಕಲಿಸಬೇಕಾದ, ಆದರೆ ಹೆಚ್ಚಾಗಿ ಬಿಟ್ಟುಹೋಗುವ ಇನ್ನೊಂದು ವಿಷಯವಿದೆ: ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತು ಔಷಧಗಳನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಆದ್ದರಿಂದ ಥಿಯೋಫಿಲಿನ್, ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುತ್ತಿರುವವರು ಧೂಮಪಾನ ನಿಲ್ಲಿಸಿದರೆ ರಕ್ತದಲ್ಲಿ ಆ ಔಷಧದ ಮಟ್ಟ ಏರುತ್ತದೆ, ವೈದ್ಯರು ಪ್ರಮಾಣ ತಗ್ಗಿಸಬೇಕಾಗಬಹುದು. ದಮ್ಮಿನ ಮತ್ತು ಮನೋರೋಗದ ವಾರ್ಡುಗಳ ನರ್ಸ್‌ಗಳಿಗೆ, ಫಾರ್ಮಸಿಯವರಿಗೆ ಇದು ತಿಳಿದಿರಲೇಬೇಕು.

ಎರಡು ದಿನಗಳ ಕಾರ್ಯಾಗಾರದ ತೊಡಕು ಹಣಕ್ಕಿಂತ ಹೆಚ್ಚಾಗಿ ಡ್ಯೂಟಿಯದ್ದು. ನಲವತ್ತು ನರ್ಸ್‌ಗಳನ್ನು ಎರಡು ದಿನ ಬಿಟ್ಟುಕೊಟ್ಟರೆ 80 ಡ್ಯೂಟಿಗಳಿಗೆ ಬದಲಿ ಜನ ಬೇಕು, ಅರ್ಧ ದಿನವಾದರೆ 20ಕ್ಕೆ ಸಾಕು. ನಮ್ಮ ಕಡೆ ಇದಕ್ಕೆ ಇನ್ನೊಂದು ಗಂಟೂ ಸೇರಿಕೊಳ್ಳುತ್ತದೆ. ಇಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಕಲಿತ ಅನೇಕ ನರ್ಸ್‌ಗಳು ಒಂದೆರಡು ವರ್ಷದ ಅನುಭವವಾಗುತ್ತಿದ್ದಂತೆ ಗಲ್ಫ್‌ಗೋ ಬ್ರಿಟನ್ನಿಗೋ ಹೊರಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವಾರ್ಡಿನ ಎಲ್ಲರಿಗೂ ಒಮ್ಮೆ ದೊಡ್ಡ ತರಬೇತಿ ಕೊಡಿಸಿ ನಿಶ್ಚಿಂತರಾಗುವ ಹಾಗಿಲ್ಲ. ಹೊಸದಾಗಿ ಸೇರುವವರ ಪರಿಚಯ ತರಬೇತಿಯಲ್ಲೇ ಚುಟುಕು ಪಾಠವನ್ನು ಸೇರಿಸುವುದು ಇದಕ್ಕೆ ತಕ್ಕ ಪರಿಹಾರ.

ಕೆಲವರಿಗೆ ದೀರ್ಘ ತರಬೇತಿ

ವಾರ್ಡಿನವರು ಕಳುಹಿಸಿದ ರೋಗಿಯನ್ನು ಅರ್ಧ ಗಂಟೆ ಕೂರಿಸಿಕೊಂಡು ಮಾತನಾಡಲು, ವೈದ್ಯರ ಜತೆ ಔಷಧ ನಿರ್ಧರಿಸಲು, ಮತ್ತೆ ಸೇದಲು ಶುರು ಮಾಡಿದವರನ್ನು ಸಂಭಾಳಿಸಲು ಒಬ್ಬಿಬ್ಬರಾದರೂ ಪಳಗಿದವರು ಬೇಕು. ಮೆಡಿಕಲ್ ಸೋಶಿಯಲ್ ವರ್ಕರ್, ಮನೋರೋಗ ವಿಭಾಗದ ನರ್ಸ್, ಅಥವಾ ಈ ಕೆಲಸದಲ್ಲಿ ಆಸಕ್ತಿಯಿರುವ ಹಿರಿಯ ವಾರ್ಡ್ ಇನ್‌ಚಾರ್ಜ್ ಇದಕ್ಕೆ ತಕ್ಕವರು. ಇವರಿಗೆ ಬೇಕಾದದ್ದು ತಿಂಗಳುಗಟ್ಟಲೆ ನಡೆಯುವ ಮೇಲ್ವಿಚಾರಣೆ: ಮೊದಲು ಎರಡು ದಿನಗಳ ಕಾರ್ಯಾಗಾರ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಅನುಭವಿಗಳ ಮುಂದೆ ತಮ್ಮ ಕೇಸುಗಳನ್ನು ಇಟ್ಟು ಚರ್ಚಿಸುವುದು, ಅದು ವಿಡಿಯೋ ಮೂಲಕವಾದರೂ ಸರಿ. ಆಯ್ಕೆ ಮಾಡುವಾಗ ವಿದ್ಯಾರ್ಹತೆಗಿಂತ, ಇನ್ನೂ ಮೂರು ನಾಲ್ಕು ವರ್ಷ ಇಲ್ಲೇ ಇರುವವರೇ, ತುಳು ಬರುತ್ತದೆಯೇ ಎಂದು ನೋಡುವುದು ಜಾಣತನ.

ಭಾಷೆ, ಬೀಡಿ, ಮತ್ತು ಕೇಳುವ ಬಗೆ

ಹೊರಗಿನಿಂದ ಬರುವ ಯಾವ ತರಬೇತಿಯೂ ನಮ್ಮ ಊರಿಗೆ ನೇರವಾಗಿ ಹೊಂದುವುದಿಲ್ಲ. ಇದರಲ್ಲಿ ಎಷ್ಟು ತಿದ್ದುಪಡಿಗೆ ಅವಕಾಶವಿದೆ ಎಂಬುದೂ ಹೋಲಿಕೆಯ ಒಂದು ಅಂಶವಾಗಬೇಕು. ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕುಂದಾಪುರ ಕನ್ನಡ ಎಲ್ಲವೂ ಕೇಳಿಬರುತ್ತವೆ, ನರ್ಸ್‌ಗಳಲ್ಲಿ ಕೇರಳದವರೂ ಅನೇಕರು. ಇಂಗ್ಲಿಷಿನ ಸ್ಲೈಡುಗಳನ್ನು ನೋಡಿ ಇಂಗ್ಲಿಷಿನಲ್ಲೇ ರೋಲ್ ಪ್ಲೇ ಮಾಡಿದವರು ಮರುದಿನ ತುಳುವಿನಲ್ಲಿ ಮಾತು ಶುರು ಮಾಡಲು ತಡವರಿಸುತ್ತಾರೆ. ರೋಲ್ ಪ್ಲೇಯನ್ನು ರೋಗಿಯ ಭಾಷೆಯಲ್ಲೇ ಆಡಿಸಲು ಒಪ್ಪದ ತರಬೇತುದಾರರನ್ನು, ಅವರು ಎಷ್ಟೇ ಹೆಸರುವಾಸಿಯಾಗಿದ್ದರೂ, ಕರೆಸುವುದು ವ್ಯರ್ಥ.

ಮೊದಲು ಹೇಳಿದ 2016–17ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಸೇದುವವರು ಶೇ. 8.8 ಆದರೆ ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಹಾಗಾಗಿ ‘ಸ್ಮೋಕಿಂಗ್ ಉಂಟಾ’ ಎಂದಷ್ಟೇ ಕೇಳಲು ಕಲಿಸುವ ತರಬೇತಿ ಅರ್ಧಕ್ಕಿಂತ ಹೆಚ್ಚು ಜನರನ್ನು ಬಿಟ್ಟುಬಿಡುತ್ತದೆ. ಬೀಡಿ ಸೇದುವ ಹಿರಿಯರು ‘ನಾನು ಸಿಗರೇಟು ಮುಟ್ಟುವುದಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಉತ್ತರಿಸುತ್ತಾರೆ; ಎಲೆ ಅಡಿಕೆಯ ಜತೆ ಹೊಗೆಸೊಪ್ಪು ಹಾಕುವ ಅಜ್ಜಿಯನ್ನು ಯಾರೂ ಕೇಳುವುದೇ ಇಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ, ನಶ್ಯ ಎಂದು ಒಂದೊಂದನ್ನೇ ಹೆಸರು ಹಿಡಿದು ಕೇಳುವ ಅಭ್ಯಾಸವಾಗಬೇಕು. ಅದನ್ನು ಕೇಳುವ ಹೊತ್ತೂ ಮುಖ್ಯ: ಮಂಚದ ಪಕ್ಕದಲ್ಲಿ ತಾಯಿಯೋ ಮಾವನೋ ನಿಂತಿರುವಾಗ ಹುಡುಗ ನಿಜ ಹೇಳುವುದಿಲ್ಲ.

ಬೀಡಿಯ ಕುರಿತು ಇನ್ನೂ ಸ್ವಲ್ಪ ಹೇಳಬೇಕು. ‘ಬೀಡಿ ಎಲೆಯದ್ದಲ್ಲವಾ, ಸಿಗರೇಟಿನಷ್ಟು ಹಾಳಲ್ಲ’ ಎಂಬ ಮಾತು ಪ್ರತಿ ವಾರ್ಡಿನಲ್ಲೂ ಕೇಳಿಬರುತ್ತದೆ. ಬೀಡಿಯೊಳಗಿನ ತಂಬಾಕು ಕಡಿಮೆಯೇ ಆದರೂ ಎಲೆಯಲ್ಲಿ ಗಾಳಿಯಾಡುವುದಿಲ್ಲ, ಫಿಲ್ಟರ್ ಇಲ್ಲ, ಆರಿಹೋಗದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕಾಗುತ್ತದೆ. ಆದ್ದರಿಂದ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಒಳಗೆ ಹೋಗುವ ಪ್ರಮಾಣ ಸಿಗರೇಟಿಗಿಂತ ಕಡಿಮೆಯಿರುವುದಿಲ್ಲ. ಇದನ್ನು ಎರಡು ವಾಕ್ಯಗಳಲ್ಲಿ ಹೇಳಲು ಪ್ರತಿ ನರ್ಸ್‌ಗೂ ಬರಬೇಕು. ಆದರೆ ಹೇಳುವ ದನಿಯಲ್ಲಿ ತಿರಸ್ಕಾರ ಇರಕೂಡದು. ದಕ್ಷಿಣ ಕನ್ನಡ ಮತ್ತು ಉಡುಪಿಯ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ತರಬೇತಿಗೆ ಬಂದ ನರ್ಸ್‌ಗಳಲ್ಲೇ ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ಕಲಿತವರಿರಬಹುದು. ಉದ್ಯಮವನ್ನು ಬೈಯುವ ಭಾಷಣ ಅಲ್ಲಿ ಕೆಲಸಕ್ಕೆ ಬಾರದು.

ಯಾರಿಗೆ, ಮತ್ತು ಮುಂದೇನು

ವೈದ್ಯರ ಮಾತಿಗೆ ತೂಕ ಹೆಚ್ಚು, ಸಮಯ ಕಡಿಮೆ. ಆದ್ದರಿಂದ ಅವರಿಗೆ ಚುಟುಕು ತರಬೇತಿ ಮತ್ತು ಔಷಧ ಬರೆಯುವ ಪಾಠ ಸಾಕು. ಫಿಸಿಯೊಥೆರಪಿಯವರು ದಿನವೂ ಇಪ್ಪತ್ತು ನಿಮಿಷ ರೋಗಿಯ ಪಕ್ಕದಲ್ಲೇ ಇರುತ್ತಾರೆ, ಅವರನ್ನು ಮರೆಯುವುದು ದೊಡ್ಡ ನಷ್ಟ. ಅಟೆಂಡರ್ ಮತ್ತು ಸೆಕ್ಯುರಿಟಿಯವರನ್ನೂ ಒಂದು ಗಂಟೆಯಾದರೂ ಕೂರಿಸಬೇಕು, ಏಕೆಂದರೆ ಗೇಟಿನ ಹೊರಗಿನ ಗೂಡಂಗಡಿಗೆ ಸಲೈನ್ ಸ್ಟ್ಯಾಂಡ್ ಸಮೇತ ಹೊರಟವರನ್ನು ಮೊದಲು ಕಾಣುವವರು ಅವರೇ. ಸಿಬ್ಬಂದಿಯಲ್ಲೇ ಸೇದುವವರಿದ್ದರೆ ತರಬೇತಿಗೆ ಮುಂಚೆ ಅವರಿಗೆ ಗುಟ್ಟಾಗಿ ಚಿಕಿತ್ಸೆಯ ಅವಕಾಶ ಕೊಡುವುದು ಒಳ್ಳೆಯದು.

ಡಿಸ್ಚಾರ್ಜ್ ಬಳಿಕದ ಕರೆಗಳಿಗೆ ಕೆನಡಾದ ಒಟ್ಟಾವಾ ಹೃದ್ರೋಗ ಸಂಸ್ಥೆ 2002ರಿಂದ ಬೆಳೆಸಿದ ಪದ್ಧತಿ ಒಳ್ಳೆಯ ಮಾದರಿ: ಸೇರುವಾಗಲೇ ಎಲ್ಲರನ್ನೂ ಗುರುತಿಸಿ, ವಾರ್ಡಿನಲ್ಲೇ ಸಮಾಲೋಚನೆ ಮತ್ತು ಔಷಧ ಕೊಟ್ಟು, ಮನೆಗೆ ಹೋದ ಮೇಲೆ ಗೊತ್ತಾದ ದಿನಗಳಲ್ಲಿ ಸ್ವಯಂಚಾಲಿತ ಕರೆಗಳ ಮೂಲಕ ವಿಚಾರಿಸುವುದು. ನಮ್ಮಲ್ಲಿ ಯಂತ್ರದ ಕರೆಗಿಂತ ‘ಸಿಸ್ಟರ್ ಮಾತಾಡ್ತಾ ಇದ್ದೇನೆ’ ಎಂಬ ಕರೆಗೆ ಬೆಲೆ ಹೆಚ್ಚು. ಮೊದಲ ಕರೆ ಮೂರನೆಯ ದಿನ, ಆಮೇಲೆ ವಾರಕ್ಕೊಂದರಂತೆ ತಿಂಗಳವರೆಗೆ ಎಂಬುದು ನನಗೆ ಸರಿಕಾಣುವ ಲೆಕ್ಕ. ಮೀನುಗಾರರಿಗೆ ಮಾತ್ರ ಇದನ್ನು ಬದಲಿಸಿಕೊಳ್ಳಬೇಕು, ಏಕೆಂದರೆ ಆಳಸಮುದ್ರಕ್ಕೆ ಹೋದ ಬೋಟು ವಾರದ ಮೇಲಾದರೂ ದಡ ಸೇರದಿರಬಹುದು, ಅಲ್ಲಿಯವರೆಗೆ ಫೋನ್ ಸಿಗದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದಲ್ಲಿ ಅವರೆಲ್ಲ ಊರಲ್ಲೇ ಇರುತ್ತಾರೆ. ತರಬೇತಿಯನ್ನು ಏಪ್ರಿಲ್‌–ಮೇ ತಿಂಗಳಲ್ಲಿ ಮುಗಿಸಿಕೊಂಡರೆ ಹೊಸದಾಗಿ ಕಲಿತವರಿಗೆ ಮಳೆಗಾಲದ ಈ ಎರಡು ತಿಂಗಳು ಒಳ್ಳೆಯ ಅಭ್ಯಾಸದ ಕಾಲ.

ತರಬೇತಿ ಫಲಿಸಿತೇ ಎಂದು ನೋಡಲು ಮುಂಚಿನ ಮತ್ತು ಬಳಿಕದ ಪ್ರಶ್ನೆಪತ್ರಿಕೆಯ ಅಂಕಗಳನ್ನು ಹೋಲಿಸುವ ಪದ್ಧತಿಯಿದೆ. ಅದಕ್ಕಿಂತ ಉಪಯುಕ್ತವಾದದ್ದು ಕೇಸ್ ಶೀಟುಗಳನ್ನು ತೆರೆದು ನೋಡುವುದು: ತಂಬಾಕಿನ ಬಗ್ಗೆ ಬರೆದಿದ್ದಾರೆಯೇ, ಡಿಸ್ಚಾರ್ಜ್ ಸಾರಾಂಶದಲ್ಲಿ ಅದರ ಪ್ರಸ್ತಾಪವಿದೆಯೇ, ತಿಂಗಳ ಬಳಿಕ ಕರೆಗೆ ಸಿಕ್ಕವರೆಷ್ಟು, ಅವರಲ್ಲಿ ಬಿಟ್ಟವರೆಷ್ಟು. ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಯಂತ್ರ ಇದ್ದರೆ ರೋಗಿಗೂ ಉತ್ತೇಜನ ಸಿಗುತ್ತದೆ, ಆದರೆ ಅದರ ಬಾಯಿಕೊಳವೆಗಳ ಖರ್ಚು ನಿಲ್ಲುವುದಿಲ್ಲ. ಜಗಿಯುವ ತಂಬಾಕು ಅದರಲ್ಲಿ ಕಾಣುವುದೂ ಇಲ್ಲ.

ಕಾರ್ಕಳ, ಕುಂದಾಪುರ, ಬಂಟ್ವಾಳದಂಥ ಕಡೆಯ ಚಿಕ್ಕ ನರ್ಸಿಂಗ್ ಹೋಮ್‌ಗಳಲ್ಲಿ ಮನೋರೋಗ ವಿಭಾಗವಿಲ್ಲ, ಸೋಶಿಯಲ್ ವರ್ಕರ್ ಇಲ್ಲ, ಎರಡು ದಿನಕ್ಕೆ ಯಾರನ್ನೂ ಬಿಟ್ಟುಕೊಡಲಾಗದು. ಅಂಥಲ್ಲಿ ಎಲ್ಲರಿಗೂ ಅರ್ಧ ದಿನದ ಚುಟುಕು ತರಬೇತಿ, ಒಬ್ಬ ನರ್ಸ್‌ಗೆ ಆನ್‌ಲೈನ್ ಪಾಠ, ಆಕೆಯ ಡ್ಯೂಟಿಯಲ್ಲಿ ವಾರಕ್ಕೆ ಎರಡು ಗಂಟೆ ಕರೆಗಳಿಗೆಂದೇ ಮೀಸಲು, ಮತ್ತು ಹೆಸರು, ಫೋನ್ ಸಂಖ್ಯೆ, ಬಿಡುವ ದಿನಾಂಕ, ಕರೆ ಮಾಡಿದ ದಿನಗಳನ್ನು ಬರೆದಿಡುವ ಒಂದು ರಿಜಿಸ್ಟರ್ ಇದ್ದರೆ ಕೆಲಸ ಶುರು ಮಾಡಬಹುದು. ಆ ಎರಡು ಗಂಟೆಗಳನ್ನು ಡ್ಯೂಟಿ ಪಟ್ಟಿಯಲ್ಲಿ ಬರೆದು ತೋರಿಸಲು ಆಡಳಿತ ಒಪ್ಪದಿದ್ದರೆ ತರಬೇತಿಯನ್ನು ಮುಂದೂಡುವುದೇ ಮೇಲು.